ಕೀಲಿ ಹಾಕಿದ ಮನಿಯ ಲೆಕ್ಕ

2010ರ ಬ್ಯಾಸಗಿಯಲ್ಲಿ ಜನಗಣತಿಯ ಮನಿಪಟ್ಟಿ ಬರೆಯಲಿಕ್ಕೆ ನನ್ನನ್ನು ನನ್ನ ಕೇರಿಗೇ ಕಳಿಸಿದರು. ಸಾಲಿ ಮಾಸ್ತರನಿಗೆ ಇದು ಹೊಸದಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕು ಗುಲಬರ್ಗಾದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಹೊತ್ತು ಅದು. ಜಿಲ್ಲೆ ಹೊಸದಾಗಿತ್ತು, ಬಿಸಿಲು ಹಳೇದೇ ಇತ್ತು.

ನಮ್ಮ ಕೇರಿ ಇರುವುದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಮಗ್ಗುಲಿಗೆ, ಊರು ಮುಗಿದು ಹೊಲ ಶುರುವಾಗುವ ತಗ್ಗಿನಲ್ಲಿ. ಪೇಟೆಯವರಿಗೆ ನಾವು ಹಳ್ಳಿ, ಹಳ್ಳಿಯವರಿಗೆ ಪೇಟೆ. ಊರ ಬಚ್ಚಲ ನೀರೆಲ್ಲ ಇಳಿದು ಬರುವುದು ಇಲ್ಲಿಗೇ. ಯಾವ ಇಂಜಿನಿಯರೂ ಇದನ್ನು ತಪ್ಪಿ ಮಾಡಿದ್ದಲ್ಲ. ನಮ್ಮ ಮುತ್ಯಾಂದಿರನ್ನು ಊರು ಇಟ್ಟ ಜಾಗವೇ ಅದು. ಮಳಿಗಾಲದಲ್ಲಿ ನೀರು, ಬ್ಯಾಸಗಿಯಲ್ಲಿ ಬಳ್ಳಾರಿ ಜಾಲಿಯ ಕಂಟಿ ಬಿಟ್ಟರೆ ನೆರಳಿಲ್ಲ.

ಪಟ್ಟಿಯಲ್ಲಿ 35 ಪ್ರಶ್ನೆ. ಗೋಡಿ ಯಾತರದು, ಮಾಳಿಗಿ ಯಾತರದು, ಕೋಣಿ ಎಷ್ಟು, ದೀಪ ಯಾವುದು, ಪಾಯಖಾನೆ ಅದನೋ ಇಲ್ಲೋ. ಮಣ್ಣಿನ ಮಾಳಿಗಿಗೆ ಹುಲ್ಲು ಬಿದಿರಿನ ಜೋಡಿ ಒಂದೇ ಅಂಕಿ. ಪತ್ರಾಸಿಗೆ ಬೇರೆ ಅಂಕಿ. ಆಮ್ಯಾಲೆ ಮನಿಯ ಸ್ಥಿತಿ: ಒಳ್ಳೆಯದು, ವಾಸಕ್ಕೆ ಯೋಗ್ಯ, ಶಿಥಿಲ. ಮೂರರಲ್ಲಿ ಒಂದು.

ಈ ಮಾಳಿಗಿಯ ಮಾತು ಸ್ವಲ್ಪ ಹೇಳಲೇಬೇಕು. ಗೌಡರ ವಾಡೇದಾಗ ಮೊಳ ದಪ್ಪದ ಗೋಡಿ, ಮೇಲೆ ತೊಲಿ ಜಂತಿ, ಅದರ ಮೇಲೆ ಹಾಳಮಣ್ಣು. ಹೊರಗ ನಲವತ್ತು ಡಿಗ್ರಿ ದಾಟಿದಾಗಲೂ ಒಳಗ ಗಡಿಗಿ ನೀರಿನ ತಂಪು. ನಮ್ಮಪ್ಪ ಅಂಥದೇ ಒಂದು ಗಿಡ್ಡ ಮನಿ ಕಟ್ಟಿದ್ದ. ಆದರ ಹಾಳಮಣ್ಣಿನ ಮಾಳಿಗಿಗೆ ವರ್ಷಾ ಮಳಿಗಿಂತ ಮೊದಲು ಹೊಸ ಮಣ್ಣು ಹಾಕಬೇಕು. ಅದಕ್ಕೆ ಬಂಡಿ ಬೇಕು, ಎತ್ತು ಬೇಕು. ನಮಗ ಎಲ್ಲಿಯ ಬಂಡಿ? ಗೌಡರ ಬಂಡಿ ಸಿಕ್ಕ ವರ್ಷ ಮನಿ ಒಣಗಿರುತ್ತಿತ್ತು, ಸಿಗದ ವರ್ಷ ಸೋರುತ್ತಿತ್ತು. 2009ರ ಆ ದೊಡ್ಡ ಮಳಿಯಲ್ಲಿ ಹಿಂದಿನ ಗೋಡಿ ಕುಸಿಯಿತು. ಬಿದ್ದ ಮನಿಗೆ ರೊಕ್ಕ ಕೇಳಲಿಕ್ಕೆ ಹೋದರೆ ಕಚೇರಿಯವರು ಮಣ್ಣಿನ ಮಾಳಿಗಿ ಪಕ್ಕಾ ಅಲ್ಲ, ಬಿಲ್ಲು ಆಗಂಗಿಲ್ಲ ಅಂದರು. ಹಂಗಾಗಿ ಗೇಣು ಗೋಡಿಯ ಮೇಲೆ ಪತ್ರಾಸು ಬಂತು. ಕೇರಿಯೆಲ್ಲ ಹಿಂಗೇ ಪಕ್ಕಾ ಆಯಿತು. ಮಗ್ಗುಲದ ಶಹಾಬಾದಿನ ಪರಸಿ ಕಲ್ಲು ದೂರದ ಊರುಗಳ ಬಂಗಲೆಗೆಲ್ಲ ಹಾಸಲಿಕ್ಕೆ ಹೋಗುತ್ತದೆ. ನಮ್ಮ ಪತ್ರಾಸು ಹಾರದಂತೆ ಇಡಲಿಕ್ಕೂ ಅದರ ಒಡೆದ ಚೂರೇ ಸಿಕ್ಕದ್ದು.

ಮುಂಜಾನೆ ಹತ್ತು ಗಂಟೆಗೆ ಪತ್ರಾಸು ಕಾಯುತ್ತದೆ. ಹೊತ್ತು ಮುಳುಗುವ ತನಕ ಒಳಗೆ ಕೂಸು ಮಲಗಿಸುವಂತಿಲ್ಲ.

"ಆಯಿ, ಕೋಣಿ ಎಷ್ಟು?" ಅಂತ ಕೇಳಿದೆ.

"ಹಗಲಿಂದು ಕೇಳ್ತೀಯೋ, ರಾತ್ರೀದು ಕೇಳ್ತೀಯೋ ತಮ್ಮಾ? ಹಗಲ ನಮ್ಮ ಕೋಣಿ ಆ ಬೇವಿನ ಗಿಡದ ಬುಡಕ. ರಾತ್ರಿ ಓಣಿ."

ಒಂದು ಅಂತ ಬರೆದೆ. ಅದೇ ಪಟ್ಟಿಯಲ್ಲಿ ಲಗ್ನವಾದ ಜೋಡಿ ಎಷ್ಟು ಅಂತಲೂ ಅದ. ಆಯಿ, ಮುತ್ಯಾ, ಮಗ, ಸೊಸಿ. ಎರಡು ಅಂತ ಬರೆದೆ. ಸೊಸಿ ತಲಿ ಬಾಗಿಸಿ ಒಳಗ ಹೋದಳು. ಸ್ಥಿತಿ ಎಂಬಲ್ಲಿ "ವಾಸಕ್ಕೆ ಯೋಗ್ಯ" ಅಂತ ತುಂಬಿದೆ. ನನ್ನ ಮನಿಗೂ ಅದನ್ನೇ ತುಂಬಿದೆ. ಶಿಥಿಲ ಅಂತ ಬರೆಯಲಿಕ್ಕೆ ಪತ್ರಾಸು ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಆ ಎರಡಕ್ಷರದ ಸುಳ್ಳು ಇವತ್ತಿಗೂ ನನಗೆ ಚುಚ್ಚುತ್ತದೆ.

2011ರ ಫೆಬ್ರುವರಿಯಲ್ಲಿ ಮತ್ತೆ ಹೋದೆ, ಈ ಸಲ ತಲಿ ಎಣಿಸಲಿಕ್ಕೆ. ಹತ್ತಿ ಬಿಡಿಸುವುದು ಮುಗಿದು ಕೇರಿ ಗುಳೇ ಹೋಗಿತ್ತು. ಉಳಿದವರು ಮುದುಕರು, ಹುಡುಗರು, ಕೀಲಿ. ನಾರಾಯಣಪುರದ ಎಡದಂಡೆ ಕಾಲುವೆ ಶಹಾಪುರ, ಸುರಪುರದ ನೆಲಕ್ಕೆ ಕೃಷ್ಣೆಯ ನೀರು ತಂದದ್ದು ನಿಜ. ಆಂಧ್ರದಿಂದ ಬಂದವರು ಹೊಲ ಕೊಂಡು ಭತ್ತ ಬೆಳೆದು ಕ್ಯಾಂಪು ಕಟ್ಟಿದ್ದೂ ನಿಜ. ನೀರು ಹೊಲ ಇದ್ದವರಿಗೆ ಬರುತ್ತದೆ. ಇಲ್ಲದವರು ಬೆಂಗಳೂರಿಗೆ ಗಾರೆ ಹೊರಲಿಕ್ಕೆ ಹೋಗುತ್ತಾರೆ.

ನನ್ನ ಖಾಸ ತಮ್ಮನ ಮನಿಗೂ ಕೀಲಿ. ಅವನು ಬೆಂಗಳೂರಿನ ಒಂದು ಕಟ್ಟಡದ ಮಗ್ಗುಲು ನೀಲಿ ತಾಡಪಾಲಿನ ಶೆಡ್ಡಿನಲ್ಲಿದ್ದ. ಎಣಿಕೆಯ ದಿನಗಳೆಲ್ಲ ಊರಲ್ಲಿ ಇಲ್ಲದವನನ್ನು ಇಲ್ಲಿ ಬರೆಯುವಂತಿಲ್ಲ, ಅವನು ಇದ್ದಲ್ಲೇ ಬರೆಯಬೇಕು. ಫೋನು ಹಚ್ಚಿದೆ.

"ಇಲ್ಲಿ ಯಾರೂ ಬಂದಿಲ್ಲಣ್ಣ. ಬಂದ್ರೂ ಹಗಲಿ ನಾವು ಶೆಡ್ಡಿನಾಗ ಎಲ್ಲಿರ್ತೀವಿ? ನೀನ ಬರಕೋ."

ಬರೆಯಲಿಲ್ಲ. ನಿಯಮ ಪಾಲಿಸಿದೆ. ಜಿಲ್ಲೆಯ ಜನ 11,74,271 ಅಂತ ಅಚ್ಚಾಯಿತು. ನೂರಕ್ಕೆ 23 ಮಂದಿ ಪರಿಶಿಷ್ಟ ಜಾತಿ, 12 ಮಂದಿಗೂ ಮೇಲೆ ಪರಿಶಿಷ್ಟ ಪಂಗಡ. ಅಕ್ಷರ ಬಲ್ಲವರು ನೂರಕ್ಕೆ 52, ಇಡೀ ರಾಜ್ಯದಲ್ಲಿ ಕಡಿಮೆ. ಮಾಸ್ತರನಾಗಿ ಈ ಅಂಕಿಗೆ ನಾಚಿಕೊಂಡೆ. ಅಣ್ಣನಾಗಿ ಬೇರೆ ನಾಚಿಕೆ. ಆ ಹನ್ನೊಂದು ಲಕ್ಷದಲ್ಲಿ ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು ಇಲ್ಲ.

ಕೇರಿ ಪೂರಾ ತುಂಬಿದ್ದನ್ನು ನಾನು ಕಂಡದ್ದು 2020ರಲ್ಲಿ. ಮಾರ್ಚ್ ಕೊನೆಗೆ ದೇಶವೇ ಬಂದಾಯಿತು. ಅಂಗಡಿ, ಬಸ್ಸು, ಗಾರೆ ಕೆಲಸ ಎಲ್ಲ ನಿಂತು, ಸಿಕ್ಕ ಲಾರಿ ಹತ್ತಿ, ಉಳಿದ ದಾರಿ ನಡೆದು ಜನ ಬಂದರು. ಸರಿಯಾಗಿ ಬ್ಯಾಸಗಿ. ಮನಿ ಬಿಟ್ಟು ಹೊರಗೆ ಬರಬ್ಯಾಡ್ರಿ ಅಂತ ಡಂಗುರ ಸಾರಿದರು. ಹನ್ನೊಂದು ಮಂದಿ ಒಂದು ಪತ್ರಾಸಿನ ಕೆಳಗೆ. ಹೊರಗೆ ಬೇವಿನ ಬುಡಕ್ಕೆ ಕೂತವರನ್ನು ಪೊಲೀಸರು ಒಳಗೆ ಅಟ್ಟುತ್ತಿದ್ದರು, ಪತ್ರಾಸು ಹೊರಗೆ ಅಟ್ಟುತ್ತಿತ್ತು. ನಾನು ಎಣಿಸಿದೆ, ಯಾರೂ ಹೇಳದೆ, ಸಾಲಿಯ ಹಳೇ ವಹಿಯಲ್ಲಿ. 2011ರಲ್ಲಿ ನಾನು ಬರೆದದ್ದರ ದುಪ್ಪಟ್ಟು ಮಂದಿ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಮುಂದಿನ ತಲಿ ಎಣಿಕೆ 2027ರ ಫೆಬ್ರುವರಿಗೆ ಅಂತ ಸರಕಾರ ಪ್ರಕಟಿಸಿದೆ, ಜಾತಿಯನ್ನೂ ಕೇಳುತ್ತಾರಂತೆ. ಕೇಳಲಿ. ಆದರ ಮತ್ತೆ ಫೆಬ್ರುವರಿಯೇ.

ಗುಳೇ ಹೋಗುವವರು ಕೀಲಿಕೈಯನ್ನು ಆಯಿಯ ಹತ್ತಿರ ಕೊಟ್ಟು ಹೋಗುತ್ತಿದ್ದರು. ಆಕೆ ಬಾಗಿಲ ಚೌಕಟ್ಟಿನ ಮೊಳೆಗೆ ಸಣಬಿನ ದಾರದಲ್ಲಿ ಪೋಣಿಸಿ ಇಡುತ್ತಿದ್ದಳು. ಯಾವ ಕೈ ಯಾರದು, ಆ ಮನಿಯಾಗ ಎಷ್ಟು ಮಂದಿ, ಬಸುರಿ ಯಾರು, ಎಲ್ಲ ಬಾಯಿಪಾಠ. ಆಯಿ ಈಗಿಲ್ಲ. ದಾರ ನಮ್ಮ ಮನಿಯ ಮೊಳೆಗೆ ಬಂದದೆ. ತಮ್ಮನ ಕೀಲಿಕೈಯೂ ಅದರಾಗ ಅದ.