ಹದಿನೈದು ಸಾವಿರದ ನಾನೂರ ತೊಂಬತ್ತು ರೂಪಾಯಿ

ಬಂದ ಕಾಗದವನ್ನು ಓದಿ ಹೇಳುವುದು ಗಡಿನಾಡಿನ ಕನ್ನಡ ಮೇಷ್ಟರಿಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗ. ನಮ್ಮ ಕಾಸರಗೋಡಿನ ಹಳ್ಳಿಗಳಿಗೆ ಕಚೇರಿಯ ಕಾಗದ ಮಲಯಾಳದಲ್ಲಿ ಬರುತ್ತದೆ, ತೆರಿಗೆಯ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ. ಸಂಜೆಯಾಗುವಾಗ ಎರಡೂ ನಮ್ಮ ಜಗಲಿಗೆ ಬರುತ್ತವೆ. ಪಾಠವನ್ನು ಕಡೆಯ ಸಾಲಿನವರೆಗೆ ತಾನು ಓದದೆ ತರಗತಿಗೆ ಕಾಲಿಡಬಾರದೆಂದು ಶಿಕ್ಷಕ ತರಬೇತಿಯ ಕಾಲದಲ್ಲಿ ನಮ್ಮ ಗುರುಗಳು ಕಟ್ಟುನಿಟ್ಟಾಗಿ ವಿಧಿಸಿದ್ದರು. ಅಷ್ಟು ವರ್ಷ ಪಾಲಿಸಿದ ಆ ವಿಧಿಯನ್ನು 2023ರ ಆಟಿ ತಿಂಗಳ ಒಂದು ಸಂಜೆ ನಾವು ಮರೆತೆವು.

ಆ ವರ್ಷ ಸಂಬಳದಾರರು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು ಜುಲೈ 31 ಕೊನೆಯ ದಿನವಾಗಿತ್ತು. ನಾವು ಸಲ್ಲಿಸಿ, ಸಂಬಳದಲ್ಲಿ ಹೆಚ್ಚಾಗಿ ಹಿಡಿದಿದ್ದ ಹಣದ ಮರುಪಾವತಿಯ ದಾರಿ ಕಾಯುತ್ತಿದ್ದೆವು. ಆಗಸ್ಟಿನ ಮೊದಲಲ್ಲಿ ಫೋನಿಗೆ ಸಂದೇಶ ಬಂತು. ರೂ. 15,490 ಮಂಜೂರಾಗಿದೆ, ಇಂತಹ ಖಾತೆಗೆ ಜಮೆಯಾಗಲಿದೆ, ಖಾತೆಯ ಸಂಖ್ಯೆ ತಪ್ಪಿದ್ದರೆ ಕೆಳಗಿನ ಲಿಂಕ್ ಒತ್ತಿ ಸರಿಪಡಿಸಿರಿ, ಎಂದಿತ್ತು. ಸಂಖ್ಯೆ ನಮ್ಮದಾಗಿರಲಿಲ್ಲ. ತಪ್ಪು ಕಂಡೊಡನೆ ಕೆಂಪು ಶಾಯಿಗೆ ಕೈಹಾಕುವುದು ನಮ್ಮ ಕಸುಬು, ಒತ್ತಿದೆವು. ಆ ಮೋಸಗಾರನು ಮನುಷ್ಯನ ಆಸೆಯನ್ನಷ್ಟೇ ಅಲ್ಲ, ಮೇಷ್ಟರ ತಿದ್ದುವ ಚಟವನ್ನೂ ಬಲ್ಲವನಾಗಿರಬೇಕು! ತೆರೆದ ಪುಟದಲ್ಲಿ ಇಲಾಖೆಯ ಲಾಂಛನವಿತ್ತು. ಪ್ಯಾನ್ ಸಂಖ್ಯೆ, ಹುಟ್ಟಿದ ದಿನ, ಬ್ಯಾಂಕಿನ ಕಾರ್ಡಿನ ಸಂಖ್ಯೆ, ಕೊನೆಗೆ ಫೋನಿಗೆ ಬಂದ ಒಟಿಪಿ, ಕೇಳಿದ್ದನ್ನೆಲ್ಲ ತುಂಬಿದೆವು. ಖಾತೆಯಿಂದ ಹದಿನೆಂಟು ಸಾವಿರ ಹೋಯಿತು.

ಆ ಗಳಿಗೆಯಲ್ಲೇ ಬ್ಯಾಂಕಿಗೂ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಏರ್ಪಾಡು ಇದೆ. ನಾವು ಎರಡು ದಿನ ಸುಮ್ಮನಿದ್ದೆವು. ಊರಿಗೆಲ್ಲ ಓದಿ ಹೇಳುವವನು ತಾನೇ ಓದದೆ ಕೆಟ್ಟನೆಂದು ಯಾರಲ್ಲಿ ಹೇಳುವುದು? ಮನೆಯಾಕೆಗೂ ಹೇಳಲಿಲ್ಲ. ದೂರು ಕೊಡುವ ಹೊತ್ತಿಗೆ ಹಣ ಎಲ್ಲೆಲ್ಲಿಗೋ ಹರಿದುಹೋಗಿತ್ತು. ಹೋದದ್ದು ಒಟಿಪಿಯಿಂದಲೋ ನಾಚಿಕೆಯಿಂದಲೋ ಎಂದು ಇಂದಿಗೂ ಲೆಕ್ಕ ಹಾಕುತ್ತಿದ್ದೇವೆ.

ಆ ವಾರದಲ್ಲೇ ಒಂದು ಸಂಜೆ ನೆರೆಯ ಹಿರಿಯ ಕೃಷಿಕರು ಕೊಡೆ ಮಡಚುತ್ತ ಜಗಲಿ ಏರಿದರು.

“ಮಾಷ್ಟ್ರೇ, ಇದೊಂದು ಓದಿ ಹೇಳಿ. ಸರಕಾರದ ಹಣ ಬಂದಿದೆಯಂತೆ.”

ಅವರು ಜೀವಮಾನದಲ್ಲಿ ಆದಾಯ ತೆರಿಗೆ ಕಟ್ಟಿದವರಲ್ಲ. ಕೃಷಿಯ ಆದಾಯಕ್ಕೆ ಆ ತೆರಿಗೆಯಿಲ್ಲ. ಕೊಡದ ಹಣ ಹಿಂದೆ ಬರುವುದುಂಟೇ ಎಂದು ಕೇಳಿದೆವು. ಡಿಪಾಸಿಟ್ಟಿನ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಹಿಡಿದದ್ದಿರಬಹುದು ಎಂದರು. ಅದೂ ಆಗತಕ್ಕದ್ದೇ; ಆದರೆ ರಿಟರ್ನ್ ಸಲ್ಲಿಸದವರಿಗೆ ಮರುಪಾವತಿಯಿಲ್ಲ. ಸಲ್ಲಿಸಿದವರಿಗೂ ಇಲಾಖೆಯ ಜಾಲತಾಣದಲ್ಲಿ ಮೊದಲೇ ದೃಢೀಕರಿಸಿದ ಖಾತೆಗೇ ಹಣ ಬೀಳುತ್ತದೆ. ಅದಕ್ಕೆ ಕಾರ್ಡಿನ ಸಂಖ್ಯೆ ಬೇಕಿಲ್ಲ. ಜಾಲತಾಣದ ವಿಳಾಸವನ್ನು ಅಂಚೆಯವರು ಓದುವಂತೆ ಕೊನೆಯಿಂದ ಓದಬೇಕೆಂದೂ ವಿವರಿಸಿದೆವು. ಮೊದಲಿಗೆ ‘ಇನ್‌ಕಮ್‌ಟ್ಯಾಕ್ಸ್’ ಎಂದು ಯಾರೂ ಬರೆದುಕೊಳ್ಳಬಹುದು. ಹೆಸರಿನ ಕೊನೆ ‘ಗವ್ ಡಾಟ್ ಇನ್’ ಆಗಿರಬೇಕು.

ಇಷ್ಟು ಹೇಳಿದರೂ ಅವರ ಕಣ್ಣು ಫೋನಿನ ಮೇಲೆಯೇ ಇತ್ತು. “ಬ್ಯಾಂಕಿನವರೇ ರಿಟರ್ನ್ ಹಾಕಿರಬಹುದಲ್ಲ? ಒತ್ತಿ ನೋಡಿದರೇನು?”

ಬೇರೆ ದಾರಿಯಿರಲಿಲ್ಲ. ಒಳಗಿನಿಂದ ನಮ್ಮ ಫೋನನ್ನು ತಂದು ಅವರ ಫೋನಿನ ಪಕ್ಕದಲ್ಲಿಟ್ಟೆವು. ಎರಡರಲ್ಲೂ ಅದೇ ಮಾತು, ರೂಪಾಯಿಗೆ ರೂಪಾಯಿ ಅದೇ 15,490. ಮೇಷ್ಟರ ಸಂಬಳಕ್ಕೂ ಕೃಷಿಕರ ಡಿಪಾಸಿಟ್ಟಿಗೂ ಒಂದೇ ಮರುಪಾವತಿ! (ಆ ಸಂದೇಶ ಸುಳ್ಳೆಂದು ಕೇಂದ್ರ ಸರಕಾರದ ಪಿಐಬಿ ಅದೇ ತಿಂಗಳು ಸಾರಿತ್ತು; ನಮ್ಮ ಕಣ್ಣಿಗೆ ಬಿದ್ದದ್ದು ಆಮೇಲೆ.) ಹದಿನೆಂಟು ಸಾವಿರದ ಕಥೆಯನ್ನು ಮೊದಲಿನಿಂದ ಹೇಳಿದೆವು. ಮಜ್ಜಿಗೆ ತಂದ ಮನೆಯಾಕೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು.

ಅವರು ನಗಲಿಲ್ಲ. ಮಜ್ಜಿಗೆಯ ಲೋಟವನ್ನು ಹಾಗೆಯೇ ಇಟ್ಟು ಎದ್ದರು.

“ಮನೆಯಲ್ಲಿ ಇವಳ ಫೋನಿಗೂ ಬಂದಿದೆ ಮಾಷ್ಟ್ರೇ” ಎಂದವರು ಕೊಡೆಯನ್ನೂ ಮರೆತು ಮಳೆಗಿಳಿದರು.