ಬಣ್ಣ ಬಿಡು, ಬಾಲ ನೋಡು

ಆಕಾಶದಲ್ಲಿ ಸುತ್ತುವ ಹಕ್ಕಿಯೆಲ್ಲ ನನ್ನ ಮೊಮ್ಮಗಳಿಗೆ ‘ಹದ್ದು’. ಸಂಜೆ ತಾರಸಿಯಲ್ಲಿ ನಾನು ಅವಳಿಗೆ ಹೇಳಿಕೊಟ್ಟ ಮೊದಲ ಪಾಠ: “ಬಣ್ಣ ಬಿಡು ಪುಟ್ಟಿ, ಬಾಲ ನೋಡು.” ಅಷ್ಟೆತ್ತರದಲ್ಲಿ, ಬಿಸಿಲಿಗೆ ಎದುರಾಗಿ, ಎಲ್ಲವೂ ಕಪ್ಪಾಗಿಯೇ ಕಾಣುತ್ತವೆ. ಬಾಲದ ತುದಿ ಮೀನಿನ ಬಾಲದಂತೆ ಕವಲೊಡೆದಿದ್ದರೆ ಅದು ಪೇಟೆಯ ಮಾಮೂಲಿ ಹದ್ದು. ದುಂಡಗಿದ್ದರೆ ಗರುಡ. ಬೆಳೆದ ಗರುಡನಿಗೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಎಳೆಯ ಗರುಡ ಮಾತ್ರ ಹದ್ದಿನಂತೆಯೇ ಕಂದು. ಆಗಲೂ ಬಾಲವೇ ಸಾಕ್ಷಿ. ಪಾರಿವಾಳದಷ್ಟೇ ದೊಡ್ಡ ಹಕ್ಕಿ ನಾಲ್ಕಾರು ಸಲ ಪಟಪಟ ರೆಕ್ಕೆ ಬಡಿದು, ಮತ್ತೆ ತೇಲಿದರೆ ಅದು ಗಿಡುಗದ ಜಾತಿಯ ಶಿಕ್ರಾ.

ಅಗಲ ರೆಕ್ಕೆ, ಗಿಡ್ಡ ಬಾಲ, ಬೋಳು ಕತ್ತಿನ ರಣಹದ್ದನ್ನು ಮಾತ್ರ ನಮ್ಮ ತಾರಸಿಯಿಂದ ತೋರಿಸಲಾರೆ. ನನ್ನ ಬಾಲ್ಯದಲ್ಲಿ ಊರಾಚೆ ದನ ಸತ್ತರೆ ಅವು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದೊಂದಿಗೆ ಹೊಟ್ಟೆ ಸೇರಿ ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಈಗ ಉಳಿದಿರುವುದು ಕೆಲವೇ ಕೆಲವು.

ಮಕ್ಕಳೇ, ಎಲ್ಲವನ್ನೂ ‘ಹದ್ದು’ ಎಂದುಬಿಟ್ಟರೆ ಯಾವುದು ಕಾಣೆಯಾಯಿತೆಂದೇ ತಿಳಿಯುವುದಿಲ್ಲ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ: ಅವರ ಕಾಲದಲ್ಲಿ ಬೋಳು ಕತ್ತಿನ ಆ ಹಕ್ಕಿ ಎಲ್ಲಿ ಇಳಿಯುತ್ತಿತ್ತು?