ಗುಡ್ಡಕ್ಕೆ ಟ್ರೇಲರ್ ಹೂಡೋದೋ, ಗಾಡಿ ಹಿಡಿಯೋದೋ?

ಹೊಸ್ತಿಲ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಇದೇ ಮಾತು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಈ ಸಲ ಹೆಂಗ ಹೋಗೋದು? ಟ್ರ್ಯಾಕ್ಟರಿಗೆ ಟ್ರೇಲರ್ ಹೂಡಿಕೊಂಡು ಹೋಗೋದೋ, ಇಲ್ಲಾ ಒಂದು ಗಾಡಿ ಬಾಡಿಗೆ ಹಿಡಿಯೋದೋ? ಬೆಳಿಗ್ಗೆ ಹೋಗಿ ಸಂಜೆ ಬರುವ ಊರಲ್ಲ ಅದು. ಎರಡು ರಾತ್ರಿ, ಕೆಲವರು ಮೂರು ರಾತ್ರಿ ಬಯಲಲ್ಲಿ ಇಳಿದು, ಮೂರು ಕಲ್ಲಿಟ್ಟು ಒಲೆ ಹೂಡಿ, ಪಡ್ಡಲಗಿ ತುಂಬಿಸಿಯೇ ಬರುತ್ತಾರೆ. ಹಾಗಾಗಿ ಹೋಗುವ ಗಾಡಿಯೇ ಅಲ್ಲಿ ಮನೆ, ಅಡುಗೆ ಮನೆ, ಮಲಗುವ ಕೋಣೆ ಎಲ್ಲಾ.

ಈ ತಕರಾರು ನಮಗೊಬ್ಬರಿಗೇ ಅಂದುಕೊಂಡಿದ್ದೀರೇನು? ರೀಲ್ಸ್ ನೋಡುವವರು ನೋಡಿರಬಹುದು. ಅಮೆರಿಕದಲ್ಲಿ ಮಂದಿ ಮನೆಯನ್ನೇ ಗಾಡಿ ಮೇಲೆ ಇಟ್ಟುಕೊಂಡು ತಿರುಗುತ್ತಾರೆ. ಅಲ್ಲೂ ಎರಡು ನಮೂನೆ. ಒಂದು, ಎಂಜಿನ್ನೂ ಮನೆಯೂ ಒಂದರಲ್ಲೇ ಇರುವ ಬಸ್ಸಿನಂಥ ಗಾಡಿ, ಮೋಟರ್‌ಹೋಮ್. ಇನ್ನೊಂದು, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ. ಎಳೆಯುವ ಮನೆಯ ಸುಖ ಏನೆಂದರೆ, ಇಳಿದ ಜಾಗದಲ್ಲಿ ಅದನ್ನು ಬಿಚ್ಚಿಟ್ಟು ಕಾರು ತಗೊಂಡು ಪೇಟೆಗೆ ಹೋಗಿ ಬರಬಹುದು. ಮೋಟರ್‌ಹೋಮಿನಲ್ಲಿ ಹಾಲು ತರಬೇಕೆಂದರೂ ಮನೆಯನ್ನೇ ಓಡಿಸಬೇಕು, ಎಂಜಿನ್ ಕೆಟ್ಟರೆ ಮನೆಯೂ ಗ್ಯಾರೇಜಿಗೆ. ಆದರೆ ನಡೆಸುವುದು ಸಲೀಸು, ಹಿಂದಕ್ಕೆ ತೆಗೆಯುವಾಗ ಬೆವರು ಬರುವುದಿಲ್ಲ. ನಮ್ಮ ದೇಶದಲ್ಲೂ ಇಂಥ ಗಾಡಿಗೆ ಎಐಎಸ್-124 ಅಂತ ಬೇರೆ ನಿಯಮವೇ ಇದೆ, ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಅಂತ ಯೋಜನೆ ಮಾಡಿತು. ಅದು ದುಡ್ಡಿದ್ದವರ ಮಾತು ಬಿಡಿ. ಲೆಕ್ಕ ಮಾತ್ರ ನಮ್ಮದೇ. ಅವರ ಎಳೆಯುವ ಮನೆ ಅಂದರೆ ನಮ್ಮ ಟ್ರ್ಯಾಕ್ಟರ್ ಡಬ್ಬಿ. ಅವರ ಮೋಟರ್‌ಹೋಮ್ ಅಂದರೆ ನಮ್ಮ ಟೆಂಪೋ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಹೋಗುವವರು 14 ಜನ. ಅವ್ವ, ಚಿಗವ್ವ, ಅಕ್ಕನ ಸಂಸಾರ, ತಮ್ಮನ ಸಂಸಾರ, ನಮ್ಮದು, ಐದು ಮಕ್ಕಳು. ಅವ್ವನ ಮೊಣಕಾಲು ಎರಡೂ ನೋವು. ದೂರ ಸುಮಾರು ಅರವತ್ತು ಕಿಲೋಮೀಟರ್. ಟ್ರ್ಯಾಕ್ಟರ್ ಅಕ್ಕನ ಗಂಡನದು, ನಾವು ಮಾಮಾ ಅಂತ ಕರೆಯುತ್ತೇವೆ. ಡೀಸೆಲ್ ಹಾಕಿಸಿದರೆ ಸಾಕು, ಬಾಡಿಗೆ ಮಾತೇ ಇಲ್ಲ. ಟಿಟಿ ಹಿಡಿದರೆ ಓಡಲಿ ಬಿಡಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ಮೇಲೆ ಡ್ರೈವರ್ ಭತ್ಯೆ. ಎರಡು ದಿನ ಬಯಲಲ್ಲಿ ಸುಮ್ಮನೆ ನಿಂತಿದ್ದಕ್ಕೂ ರೊಕ್ಕ ಕೊಡಬೇಕು. ಬರೀ ದುಡ್ಡು ನೋಡಿದರೆ ಮಾತು ಅಲ್ಲಿಗೇ ಮುಗಿಯಿತು.

ಟ್ರೇಲರ್ ಪರವಾಗಿ ಹೇಳಬೇಕಾದದ್ದು ದುಡ್ಡಿಗಿಂತ ಹೆಚ್ಚಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ತಳಕ್ಕೆ ಕಣಿಕಿ ಹಾಸಿ, ಮೇಲೆ ಜಮಖಾನ, ಅದರ ಮೇಲೆ ಕೌದಿ. ಬಿದಿರು ಬಗ್ಗಿಸಿ ತಾಡಪತ್ರಿ ಕಟ್ಟಿದರೆ ಹಿಂದಿನ ಕಾಲದ ಕೊಲ್ಲಾರಿ ಬಂಡಿಯ ಹಾಗೇ ಆಗುತ್ತದೆ. ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ಕಟಗಿ, ನೀರಿನ ಡ್ರಮ್ಮು, ಕೊಡ ಎಲ್ಲಾ ಹಿಡಿಯುತ್ತದೆ. ಅಲ್ಲಿ ಹೋಗಿ ಬಿಚ್ಚಿಟ್ಟರೆ ಟ್ರ್ಯಾಕ್ಟರ್ ನೀರಿಗೆ ಹೋಗುತ್ತದೆ, ಮನೆ ನಿಂತಲ್ಲೇ ಇರುತ್ತದೆ. ಡಬ್ಬಿಯ ಕೆಳಗೆ ನೆರಳು, ಮಧ್ಯಾಹ್ನ ಮಕ್ಕಳು ಅಲ್ಲೇ ನಿದ್ದೆ.

ಗಂಡಸರು ಲೆಕ್ಕಕ್ಕೆ ಹಿಡಿಯದ ಒಂದು ಮಾತನ್ನು ನನ್ನ ಹೆಂಡತಿ ಹೇಳಿದಳು. "ಎಣ್ಣಿ ಹೊಂಡದಾಗ ಜಳಕಾ ಮಾಡಿ ಒದ್ದಿ ಸೀರಿಲೆ ಬರ್ತೀವಿ. ಸೀರಿ ಬದಲ ಮಾಡಾಕ ತಾಡಪತ್ರಿ ಒಳಗರ ಜಾಗ ಇರ್ತೈತಿ. ನಿಮ್ಮ ಟಿಟಿ ಒಳಗ ಸುತ್ತಲೂ ಗಾಜು. ಏನ್ ಮಾಡ್ಬೇಕು?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಕ್ಷಗಟ್ಟಲೆ ಮಂದಿ ಸೇರುವ ಜಾತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಜಾತ್ರೆ ಹೇಗಾಯಿತು ಅನ್ನುವುದನ್ನು ಶೌಚಾಲಯದ ಸಾಲು ಮತ್ತು ಸೀರೆ ಬದಲಿಸುವ ಮರೆ ಇವೆರಡೇ ತೀರ್ಮಾನಿಸುತ್ತವೆ. ಅಮೆರಿಕದ ಆ ಗಾಡಿಗಳ ಒಳಗೆ ಪಾಯಖಾನೆಯೇ ಇರುತ್ತದೆ ಅಂತ ಹೇಳಿದೆ. ಅವರೆಲ್ಲ ನಕ್ಕರು, ನಂಬಲಿಲ್ಲ.

ಇಷ್ಟೆಲ್ಲಾ ಇದ್ದೂ ನಾನು ಟ್ರೇಲರ್ ಬೇಡ ಅಂದೆ. ಸರಿಯಾಗಿ ಹೇಳಬೇಕೆಂದರೆ, ಟ್ರೇಲರ್ ಬರಲಿ, ಅದರಲ್ಲಿ ಮಂದಿ ಬೇಡ ಅಂದೆ.

ನನ್ನ ಕೆಲಸವೇ ಹಾಗಿದೆ. ವರ್ಷದಲ್ಲಿ ಅದೆಷ್ಟು ಸಲ "ಟ್ರ್ಯಾಕ್ಟರ್ ಪಲ್ಟಿ" ಅಂತ ನಾಲ್ಕು ಸಾಲಿನ ಸುದ್ದಿ ಕಳಿಸುತ್ತೇನೋ. ಜಾತ್ರೆ, ಮದುವೆ, ಕೂಲಿ, ಮೂರರಲ್ಲಿ ಒಂದು. ಆಸ್ಪತ್ರೆ ವರಾಂಡದಲ್ಲಿ ನಿಂತು ಹೆಸರು, ವಯಸ್ಸು ಬರೆದುಕೊಳ್ಳುವಾಗ ಒಂದು ಗಮನಿಸಿದ್ದೇನೆ. ಗಾಯಗೊಂಡವರ ಪಟ್ಟಿಯಲ್ಲಿ ಒಂದೇ ಅಡ್ಡಹೆಸರು ಮೇಲಿಂದ ಮೇಲೆ ಬರುತ್ತದೆ. ಒಂದು ಬಸ್ಸಿನಲ್ಲಿ ಬೇರೆ ಬೇರೆ ಮನೆಯವರು ಇರುತ್ತಾರೆ. ಒಂದು ಡಬ್ಬಿಯಲ್ಲಿ ಇಡೀ ಮನೆಯೇ ಇರುತ್ತದೆ.

2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಕಡೆ ಘಾಟಂಪುರದ ಹತ್ತಿರ ಆದದ್ದು ನೆನಪಿರಬಹುದು. ದೇವಿ ಗುಡಿಗೆ ಹೋಗಿ ವಾಪಸ್ ಬರುತ್ತಿದ್ದ ಟ್ರ್ಯಾಕ್ಟರ್ ಟ್ರೇಲರ್ ಮಗುಚಿ ರಸ್ತೆ ಪಕ್ಕದ ಕೆರೆಗೆ ಬಿತ್ತು. 25ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಹೆಂಗಸರು, ಮಕ್ಕಳು. ಟ್ರ್ಯಾಕ್ಟರ್ ಟ್ರೇಲರನ್ನು ಒಕ್ಕಲುತನಕ್ಕೆ, ಸರಕಿಗೆ ಮಾತ್ರ ಬಳಸಿರಿ, ಮಂದಿ ಹತ್ತಿಸಬೇಡಿರಿ ಅಂತ ಅಲ್ಲಿನ ಮುಖ್ಯಮಂತ್ರಿ ಅವತ್ತು ಕೇಳಿಕೊಂಡರು.

"ನಾ ಇಪ್ಪತ್ತ ವರ್ಷ ಟ್ರ್ಯಾಕ್ಟರ್ ಹೊಡದೇನಿ ತಮ್ಮಾ, ಒಂದ ಕೋಳಿ ಸತ್ತಿಲ್ಲ ನನ್ನ ಗಾಲಿಗೆ" ಅಂದರು ಮಾಮಾ. ಸುಳ್ಳಲ್ಲ. ಅವರಷ್ಟು ಜೋಕೆಯಿಂದ ಟ್ರ್ಯಾಕ್ಟರ್ ಹೊಡೆಯುವವರು ನಮ್ಮೂರಲ್ಲಿ ಕಡಿಮೆ. ಆದರೆ ಇದು ಕೈಚಳಕದ ಪ್ರಶ್ನೆ ಅಲ್ಲ. ಡಬ್ಬಿ ಮಾಡಿರುವುದೇ ಚೀಲ ಹೇರಲಿಕ್ಕೆ. ಚೀಲ ತಳದಲ್ಲಿ ಅಲುಗದೆ ಕೂತಿರುತ್ತದೆ. ಮಂದಿ ಹಾಗಲ್ಲ. ಅರ್ಧ ಮಂದಿ ಅಂಚಿನ ಹಲಗೆ ಮೇಲೆ ಕೂಡುತ್ತಾರೆ, ಹುಡುಗರು ನಿಂತೇ ಬರುತ್ತಾರೆ, ಭಾರವೆಲ್ಲ ಮೇಲಕ್ಕೆ ಏರುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಚೀಲ ಹಾಗೆ ಹೆದರಿ ಒಂದು ಕಡೆ ಸರಿಯುವುದಿಲ್ಲ.

ಬಹಳಷ್ಟು ಡಬ್ಬಿಗಳಿಗೆ ಬ್ರೇಕೇ ಇಲ್ಲ. ನಿಲ್ಲಿಸುವುದು ಟ್ರ್ಯಾಕ್ಟರ್ ಒಂದೇ, ಅದೂ ಹಿಂದಿನ ಎರಡು ಗಾಲಿ. ಏರಿನಲ್ಲಿ ಟ್ರ್ಯಾಕ್ಟರ್ ಡಬ್ಬಿಯನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಡಬ್ಬಿ ಟ್ರ್ಯಾಕ್ಟರನ್ನು ದೂಡುತ್ತದೆ. ಗುಡ್ಡ ಇಳಿಯುವಾಗ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಹಾಕುವವರನ್ನು ನೋಡಿದ್ದೇನೆ. ಏರುವಾಗ ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಬೇಕು, ಕ್ಲಚ್ ಒತ್ತಬಾರದು. ಇನ್ನೊಂದು, ಹೊಲದಲ್ಲಿ ತಿರುಗಿಸಲು ಎಡ ಬಲ ಬ್ರೇಕ್ ಬೇರೆ ಬೇರೆ ಒತ್ತುತ್ತೇವಲ್ಲ, ಆ ಎರಡು ಪೆಡಲಿಗೆ ನಡುವೆ ಒಂದು ಚಿಲಕ ಇದೆ. ರಸ್ತೆಗೆ ಬಂದಾಗ ಅದನ್ನು ಹಾಕಲೇಬೇಕು. ಹಾಕದೆ ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಆ ಕಡೆ ತಿರುಗುತ್ತದೆ, ಹಿಂದಿನಿಂದ ಡಬ್ಬಿ ಬಂದು ಗುದ್ದುತ್ತದೆ. ಇದನ್ನು ಓದುವವರಲ್ಲಿ ಟ್ರ್ಯಾಕ್ಟರ್ ಇದ್ದವರು ಒಮ್ಮೆ ಹೋಗಿ ಆ ಚಿಲಕ ಇದೆಯೋ, ಮುರಿದಿದೆಯೋ ನೋಡಿ ಬನ್ನಿ.

ಗುಡ್ಡದ ಜಾತ್ರೆ ಬರುವುದೂ ಕಬ್ಬಿನ ಹಂಗಾಮಿನಲ್ಲೇ. ಬೆಳಗಾವಿ ಜಿಲ್ಲೆಯ ರಸ್ತೆ ತುಂಬ ಎರಡೆರಡು ಡಬ್ಬಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಮಣ್ಣು ಮೆತ್ತಿರುತ್ತದೆ. ರಾತ್ರಿ ಇಂಥದ್ದರ ನಡುವೆ ನಮ್ಮದೊಂದು ಡಬ್ಬಿ, ಒಳಗೆ ನಿದ್ದೆ ಹೋದ ಐದು ಮಕ್ಕಳು.

ಇಷ್ಟು ಹೇಳಿದರೂ ಮಾಮಾ ಜಗ್ಗಲಿಲ್ಲ. ಅವರು ಸುಮ್ಮನಾದದ್ದು ಇನ್ಶೂರೆನ್ಸ್ ಮಾತು ಬಂದಾಗ. ಟ್ರ್ಯಾಕ್ಟರಿನ ಪಾಲಿಸಿ ಇರುವುದು ಒಕ್ಕಲುತನದ ಕೆಲಸಕ್ಕೆ, ಅದರಲ್ಲಿ ಸೀಟು ಒಂದೇ, ಹೊಡೆಯುವವನದು. ಡಬ್ಬಿಗೆ ಬೇರೆ ನಂಬರು, ಬೇರೆ ನೋಂದಣಿ, ಅದಕ್ಕೂ ವಿಮೆ ಬೇಕು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಬಂದ ಮಂದಿಯ ಪರಿಹಾರಕ್ಕೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕೆಲವು ಸಲ, ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಹೇಳುವುದುಂಟು. ಕೊನೆಗೆ ಅದು ಬಂದು ನಿಲ್ಲುವುದು ಮಾಲೀಕನ ಮೇಲೆಯೇ. "ಅಂದ್ರ ಹೊಲದ ಮ್ಯಾಲ ಬರ್ತೈತಿ ಅನ್ನು" ಅಂದರು. ಹೌದು ಅಂದೆ. ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅವರ ಹೊಲ ಇರುವುದು ಮೂರು ಎಕರೆ.

ಹಾಗಾದರೆ 407 ಟೆಂಪೋ? ಮೇಲೆ ಟಾಪ್ ಕಟ್ಟಿ, ನಡುವೆ ಹಲಗೆ ಹಾಕಿ ಎರಡು ಮಾಳಿಗೆ ಮಾಡಿಕೊಂಡು ಹೋಗುವವರು ಬಹಳ. ಒಂದೇ ಗಾಡಿ, ಬ್ರೇಕ್ ಇದೆ, ದೀಪ ಇದೆ, ಎರಡೂವರೆ ತಾಸಿನ ದಾರಿ ಒಂದೂವರೆ ತಾಸಿಗೆ ಇಳಿಯುತ್ತದೆ ಅನ್ನುವುದೆಲ್ಲ ಖರೆ. ಆದರೆ ಅದೂ ಸರಕಿನ ಗಾಡಿಯೇ. ಮೇಲೆ ಹೇಳಿದ ವಿಮೆಯ ಮಾತು ಅದಕ್ಕೂ ಅಷ್ಟೇ ಅನ್ವಯ. ಕೆಳಗೆ ಕೂತವರು ಬಗ್ಗಿಯೇ ಬರಬೇಕು, ಮೊಣಕಾಲು ಮಡಚಲಾಗದ ಅವ್ವನನ್ನು ಅದರೊಳಗೆ ತುಂಬುವುದು ಹೇಗೆ? ಹಳದಿ ಬೋರ್ಡಿನ ಟಿಟಿ ಒಂದೇ ಕಾಯ್ದೆ ಪ್ರಕಾರ ಸರಿ. ಸೀಟಿಗೊಬ್ಬರಂತೆ ಕೂತರೆ ಎಲ್ಲರಿಗೂ ವಿಮೆ. ಅದರ ಬಾಡಿಗೆ ಕೇಳಿ ತಮ್ಮ ಎದ್ದು ಹೋದ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮಂದಿಯೆಲ್ಲ ಸರ್ಕಾರಿ ಬಸ್ಸಿಗೆ. 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯ ಟಿಕೆಟ್ ಇದೆ, ಆಧಾರ್ ತೋರಿಸಿದರೆ ಆಯಿತು. ಹಂಗಾಗಿ ದುಡ್ಡು ಹತ್ತಿದ್ದು ಗಂಡಸರದ್ದು, ದೊಡ್ಡ ಹುಡುಗರದ್ದು ಅಷ್ಟೇ. ಸಾಮಾನು ಮಾತ್ರ ಡಬ್ಬಿಗೆ. ಮಾಮಾ ಒಬ್ಬರೇ ನಸುಕಿನಲ್ಲಿ ಬೆಳಕು ಹರಿದ ಮೇಲೆ ಹೊರಟರು, ಹಿಂದೆ ತಮ್ಮ ಬೈಕಿನಲ್ಲಿ. ಡಬ್ಬಿಯ ಹಿಂದೆ ನಲವತ್ತು ರೂಪಾಯಿಯ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದೆವು.

ಬಯಲಲ್ಲಿ ಬಿಚ್ಚಿಡುವಾಗಲೂ ಜೋಕೆ ಬೇಕು. ನಮ್ಮದು ಎರಡು ಗಾಲಿಯ ಡಬ್ಬಿ, ಅದರ ಮುಂದಿನ ಭಾರ ಟ್ರ್ಯಾಕ್ಟರ್ ಮೇಲೆ ನಿಂತಿರುತ್ತದೆ. ಟ್ರ್ಯಾಕ್ಟರ್ ತೆಗೆದ ಮೇಲೆ ಮೂಕಿಗೆ ಗಟ್ಟಿ ಆನಿಕೆ ಕೊಟ್ಟರೂ, ಮಂದಿಯೆಲ್ಲ ಹಿಂದಿನ ತುದಿಗೆ ಹೋಗಿ ಕೂತರೆ ಮೂಕಿ ಮೇಲೆದ್ದು ಡಬ್ಬಿ ಹಿಂದಕ್ಕೆ ಬೀಳುತ್ತದೆ. ಅದಕ್ಕೆ ಹಿಂದೆಯೂ ಎರಡು ಕಲ್ಲಿನ ಆಸರೆ ಕೊಟ್ಟೆವು, ಗಾಲಿಗೆ ಮುಂದೆ ಹಿಂದೆ ಕಲ್ಲು. ನಾಲ್ಕು ಗಾಲಿಯ ಡಬ್ಬಿಗೆ ಈ ರಗಳೆ ಇಲ್ಲ. ಆದರೆ ಅದನ್ನು ಹಿಂದಕ್ಕೆ ತೆಗೆಯುವುದು ಮಾತ್ರ ಮಾಮಾನಂಥವರಿಗೂ ಕಷ್ಟ. ಒಲೆ ಹೂಡುವುದು ಡಬ್ಬಿಯಿಂದ ಹತ್ತು ಹೆಜ್ಜೆಯಾದರೂ ಆಚೆ, ಕಣಿಕಿ, ತಾಡಪತ್ರಿ ಎರಡೂ ಬೆಂಕಿಗೆ ಕಾದು ಕೂತಂಥವು.

ಬಸ್ಸಿನಲ್ಲಿ ಸುಖವಾಗಿ ಬಂದೆವು ಅಂತ ಹೇಳಲಾರೆ. ಸೀಟು ಸಿಕ್ಕಿದ್ದು ಅವ್ವನಿಗೆ, ಚಿಗವ್ವನಿಗೆ ಇಬ್ಬರಿಗೇ. ಇಳಿದ ಮೇಲೆ ಬಯಲಿನವರೆಗೆ ಅವ್ವನನ್ನು ತಮ್ಮ ಬೈಕಿನ ಮೇಲೆ ಕೂರಿಸಿಕೊಂಡು ಹೋದ, ಆ ಗದ್ದಲದಲ್ಲಿ ಅರ್ಧ ತಾಸು ಹಿಡಿಯಿತು. ಸಿಟ್ಟಾಗಿದ್ದಳು. ರಾತ್ರಿ ಕಣಿಕಿ ಮೇಲೆ ಕಾಲು ಚಾಚಿ ಕೂತಾಗ ಹೇಳಿದಳು: "ಬಸ್ಸಿನಾಗ ಬಂದ್ರ ಜಾತ್ರಿ ಇಲ್ಲಿ ಇಳದ ಮ್ಯಾಲ ಚಾಲೂ ಆಗ್ತೈತಿ. ಬಂಡ್ಯಾಗ ಬರ್ತಿದ್ವಿ ನೋಡು, ಆಗ ಅಂಗಳದಾಗ ಚಾಲೂ ಆಗ್ತಿತ್ತು. ದಾರಿ ತುಂಬ ಉಧೋ ಉಧೋ ಅಂತ ಬರ್ತಿದ್ವಿ."

ಅವಳು ಹೇಳಿದ್ದು ನಿಜ. ಎತ್ತಿನ ಬಂಡಿಯ ನಡಿಗೆ ಬೇರೆ, ದಾರಿಯೂ ಆಗ ಬೇರೆ ಇತ್ತು. ಬಸ್ಸಿನಲ್ಲಿ ನಿಂತು ಜೋತಾಡುತ್ತ ಬಂದ ಮಕ್ಕಳಿಗೆ ಆ ದಾರಿ ಸಿಗಲಿಲ್ಲ, ಅದಕ್ಕೆ ಬದಲಿ ಏನು ಕೊಡಬೇಕೋ ನನಗೂ ಹೊಳೆದಿಲ್ಲ. ಮರುದಿನ ಪಡ್ಡಲಗಿ ತುಂಬುವಾಗ ಅವ್ವ ಮಾಮಾನನ್ನು ಮುಂದೆ ಕರೆದು ಮೊದಲ ಕಡುಬು ಅವರಿಗೇ ಕೊಟ್ಟಳು, ನನಗೆ ಕೊನೆಗೆ.

ಬರುವ ವರ್ಷಕ್ಕೆ ಓಣಿಯ ಮೂರು ಮನೆ ಸೇರಿ ಒಂದು ಟಿಟಿ ಹಿಡಿಯುವ ಮಾತು ನಡೆದಿದೆ. ಎರಡು ಟ್ರಿಪ್ಪು ಬಿಟ್ಟು ಬರುವುದು, ಮೂರನೇ ದಿನ ಬಂದು ಕರೆದೊಯ್ಯುವುದು, ನಡುವಿನ ದಿನದ ಬಾಡಿಗೆ ಉಳಿಯುತ್ತದೆ. ಸಾಮಾನಿಗೆ ಮತ್ತೆ ಮಾಮಾನ ಡಬ್ಬಿಯೇ. ಡೀಸೆಲ್ ದುಡ್ಡು ಮೂರು ಮನೆಗೆ ಸಮ ಹಂಚಬೇಕೋ, ಮಂದಿ ಲೆಕ್ಕಕ್ಕೆ ಹಂಚಬೇಕೋ ಅನ್ನುವುದು ಇನ್ನೂ ಬಗೆಹರಿದಿಲ್ಲ.